ಬ್ರೌಸರ್‌ನಿಂದ ಮುದ್ರಿಸಿದ ಬಾರ್‌ಕೋಡ್‌ಗಳನ್ನು ಸ್ಕ್ಯಾನರ್ ಸರಿಯಾಗಿ ಓದುತ್ತಿಲ್ಲ

ಪ್ರಶ್ನೆ: ಪುಸ್ತಕದ_ಕಪಾಟು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗ್ರಂಥಾಲಯಕ್ಕಾಗಿ ಪೈಥಾನ್‌ನಲ್ಲಿ ಒಂದು ವೆಬ್ ಅಪ್ಲಿಕೇಶನ್ ಬರೆದಿದ್ದೇನೆ. ಸಿಬ್ಬಂದಿಯವರು ರಿಜಿಸ್ಟರ್ ನೋಡಿ ಪುಸ್ತಕದ ಎಂಟು ಅಂಕೆಗಳ ಅಕ್ಸೆಷನ್ ಸಂಖ್ಯೆಯನ್ನು (ಪ್ರತಿಯೊಂದು ಪ್ರತಿಗೂ ಗ್ರಂಥಾಲಯ ಕೊಡುವ ಕ್ರಮಸಂಖ್ಯೆ) ನಮೂದಿಸುತ್ತಾರೆ. ಅಪ್ಲಿಕೇಶನ್ ಅದರ ಮುಂದೆ ಗ್ರಂಥಾಲಯದ ಗುರುತಾಗಿ ಮೂರು ರೋಮನ್ ಅಕ್ಷರಗಳನ್ನು ಸೇರಿಸಿ, ಕೋಡ್ 128 ಎಂಬ ಮಾದರಿಯ ಬಾರ್‌ಕೋಡಿನ ಪಿಎನ್‌ಜಿ ಚಿತ್ರವನ್ನು ಸಿದ್ಧಪಡಿಸುತ್ತದೆ. ಲೇಬಲ್ 50 ಮಿ.ಮೀ. ಅಗಲ, 25 ಮಿ.ಮೀ. ಎತ್ತರ ಇದೆ. ಚಿತ್ರವು ಲೇಬಲ್ ತುಂಬ ಬರಲಿ ಎಂದು ಸಿಎಸ್‌ಎಸ್‌ನಲ್ಲಿ ಅಗಲವನ್ನು ಶೇ. 100 ಎಂದು ಕೊಟ್ಟಿದ್ದೇನೆ. ಪ್ರಿಂಟರ್ 203 ಡಿಪಿಐನ (ಇಂಚಿಗೆ 203 ಚುಕ್ಕಿ) ಥರ್ಮಲ್ ಪ್ರಿಂಟರ್, ಅಂದರೆ ಶಾಖದಿಂದ ಮುದ್ರಿಸುವಂಥದ್ದು.

ತೊಂದರೆ ಎರಡು ಬಗೆಯದು. ಮೊದಲನೆಯದಾಗಿ, ಮೊಬೈಲ್ ಕ್ಯಾಮೆರಾ ಓದುವ ಲೇಬಲ್ಲನ್ನೇ ಕೌಂಟರಿನ ಲೇಸರ್ ಸ್ಕ್ಯಾನರ್ ನಾಲ್ಕೈದು ಬಾರಿ ಹಿಡಿದರೂ ಓದುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ, ಒಂದೇ ದಪ್ಪ ಇರಬೇಕಾದ ಗೆರೆಗಳಲ್ಲಿ ಕೆಲವು ತೆಳ್ಳಗೆ, ಕೆಲವು ದಪ್ಪಗೆ ಬಂದಿವೆ. ಅಂಚುಗಳು ಗರಗಸದ ಹಲ್ಲಿನಂತೆ ಕಾಣುತ್ತವೆ. ಎರಡನೆಯದಾಗಿ, ಕೆಲವು ಪುಸ್ತಕಗಳಿಗೆ ಚಿತ್ರವೇ ತಯಾರಾಗದೆ, ಅಮಾನ್ಯ ಅಕ್ಷರ ಇದೆ ಎಂಬ ದೋಷ ಬರುತ್ತಿದೆ. ಸಂಖ್ಯೆಯನ್ನು ಉಳಿಸುವ ಮೊದಲೇ, ಎಲ್ಲವೂ ಅಂಕೆಗಳೇ ಎಂದು ನೋಡುವ ಪೈಥಾನ್‌ನ ಇಸ್‌ಡಿಜಿಟ್ ಮೂಲಕ ಪರೀಕ್ಷಿಸುತ್ತಿದ್ದೇನೆ, ಆದ್ದರಿಂದ ಅಂಕೆಯಲ್ಲದ್ದು ಒಳಗೆ ಬರಲು ಸಾಧ್ಯವಿಲ್ಲ ಎಂದುಕೊಂಡಿದ್ದೆ. ದಯವಿಟ್ಟು ತಿಳಿದವರು ಸಹಾಯ ಮಾಡಬೇಕು.

ಉತ್ತರ 1: ಎಂಟು_ಚುಕ್ಕಿ

ಮೊದಲ ತೊಂದರೆಗೆ ಕಾರಣ ನಿಮ್ಮ ಶೇ. 100 ಅಗಲ. ಇದನ್ನು ಲೆಕ್ಕ ಹಾಕಿಯೇ ನೋಡಬೇಕು.

203 ಡಿಪಿಐ ಎಂದರೆ ಒಂದು ಮಿಲಿಮೀಟರಿಗೆ 8 ಚುಕ್ಕಿಗಳು; ನಿಮ್ಮ ಲೇಬಲ್ಲಿನ ಅಗಲಕ್ಕೆ 400 ಚುಕ್ಕಿಗಳು. ಕೋಡ್ 128ರಲ್ಲಿ ಅತಿ ತೆಳುವಾದ ಗೆರೆಯ ಅಗಲವನ್ನು ಒಂದು ಮಾಡ್ಯೂಲ್ ಎನ್ನುತ್ತಾರೆ. ಪ್ರತಿ ಅಕ್ಷರಕ್ಕೆ 11 ಮಾಡ್ಯೂಲ್, ಆರಂಭದ ಸಂಕೇತಕ್ಕೆ 11, ತಾಳೆ ನೋಡುವ ಸಂಕೇತಕ್ಕೆ 11, ಮುಕ್ತಾಯಕ್ಕೆ 13 ಬೇಕು. ಕೋಡ್ 128ರಲ್ಲಿ ಎ, ಬಿ, ಸಿ ಎಂಬ ಮೂರು ಸಂಕೇತ ಗಣಗಳಿವೆ; ನಿಮ್ಮ ಹನ್ನೊಂದು ಅಕ್ಷರಗಳನ್ನು, ಅಕ್ಷರ ಅಂಕೆ ಎರಡೂ ಇರುವ ಬಿ ಗಣದಲ್ಲಿ ಬರೆದರೆ 156 ಮಾಡ್ಯೂಲ್ ಆಗುತ್ತದೆ. ಎರಡೂ ಬದಿಯಲ್ಲಿ ತಲಾ 10 ಮಾಡ್ಯೂಲ್ ಖಾಲಿ ಜಾಗವನ್ನು ಬಿಡಲೇಬೇಕಾದ್ದರಿಂದ ಒಟ್ಟು 176. ಇದನ್ನು 400 ಚುಕ್ಕಿಗಳಿಗೆ ಹಿಗ್ಗಿಸಿದಾಗ ಒಂದು ಮಾಡ್ಯೂಲಿಗೆ ಸುಮಾರು 2.27 ಚುಕ್ಕಿ ಬರುತ್ತದೆ. ಥರ್ಮಲ್ ಪ್ರಿಂಟರಿಗೆ ಕಾಲು ಚುಕ್ಕಿ ಎಂಬುದಿಲ್ಲ, ಬೂದು ಬಣ್ಣವೂ ಇಲ್ಲ. ಸುಟ್ಟರೆ ಕಪ್ಪು, ಬಿಟ್ಟರೆ ಬಿಳಿ. ಹಾಗಾಗಿ ಕೆಲವು ಮಾಡ್ಯೂಲ್ 2 ಚುಕ್ಕಿಯಾಗಿ, ಕೆಲವು 3 ಚುಕ್ಕಿಯಾಗಿ ಮುದ್ರಣವಾಗುತ್ತವೆ. ಸ್ಕ್ಯಾನರ್ ಓದುವುದು ಗೆರೆಗಳ ಮತ್ತು ಅವುಗಳ ನಡುವಿನ ಬಿಳಿ ಜಾಗಗಳ ಅಗಲದ ಅನುಪಾತವನ್ನು. ಆ ಅನುಪಾತವೇ ಕೆಟ್ಟ ಮೇಲೆ ಅದು ಏನು ಓದಬೇಕು? ಮೊಬೈಲ್ ಒಂದೇ ಲೇಬಲ್ಲಿನ ಹಲವು ಚಿತ್ರಗಳನ್ನು ಹಿಡಿದು ಪ್ರಯತ್ನಿಸುವುದರಿಂದ ಹೇಗೋ ಓದಿಬಿಡುತ್ತದೆ.

ಒಂದು ಮಾಡ್ಯೂಲಿಗೆ ಇಡೀ ಸಂಖ್ಯೆಯಷ್ಟು ಚುಕ್ಕಿಗಳು ಬರುವಂತೆ ಮಾಡುವುದೊಂದೇ ದಾರಿ. ನನ್ನ ಸಲಹೆಯೆಂದರೆ, ಮೂರು ರೋಮನ್ ಅಕ್ಷರಗಳನ್ನು ಬಾರ್‌ಕೋಡಿನ ಒಳಗಿನಿಂದ ತೆಗೆದು, ಕೆಳಗೆ ಕಣ್ಣಿಗೆ ಕಾಣುವ ಬರಹದಲ್ಲಿ ಮಾತ್ರ ಉಳಿಸಿಕೊಳ್ಳಿ. ಬರೀ ಎಂಟು ಅಂಕೆಗಳಾದರೆ ಸಿ ಗಣವನ್ನು ಬಳಸಬಹುದು. ಅದರಲ್ಲಿ ಎರಡು ಅಂಕೆಗಳು ಒಂದೇ ಸಂಕೇತದಲ್ಲಿ ಕೂರುತ್ತವೆ. ಆಗ ಖಾಲಿ ಜಾಗವೂ ಸೇರಿ ಬೇಕಾಗುವುದು 99 ಮಾಡ್ಯೂಲ್. ಮಾಡ್ಯೂಲಿಗೆ 3 ಚುಕ್ಕಿಯಂತೆ 297 ಚುಕ್ಕಿ, ಅಂದರೆ ಸುಮಾರು 37 ಮಿ.ಮೀ. ನಿಮ್ಮ ಲೇಬಲ್ಲಿನಲ್ಲಿ ಆರಾಮವಾಗಿ ಹಿಡಿಸುತ್ತದೆ.

ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ (ಚುಕ್ಕಿಗಳ ಬದಲು ಆಕಾರಗಳ ಅಳತೆಯನ್ನೇ ಉಳಿಸುವ ರೂಪ) ತಯಾರಿಸಿ, ಮಾಡ್ಯೂಲಿನ ಅಗಲವನ್ನು 0.375 ಮಿ.ಮೀ. ಎಂದು ಮಿಲಿಮೀಟರಿನಲ್ಲೇ ಕೊಡಿ. ಜೆಪೆಗ್ ಬಳಸಲೇಬೇಡಿ, ಅದು ಗೆರೆಗಳ ಸುತ್ತ ಮಸುಕು ಕಲೆಗಳನ್ನು ಬಿಡುತ್ತದೆ. ಮುದ್ರಣ ಶೈಲಿಯಲ್ಲಿ ಪುಟದ ಅಳತೆಯನ್ನು 50 ಮತ್ತು 25 ಮಿ.ಮೀ. ಎಂದು ನಿಗದಿಪಡಿಸಿ, ಬ್ರೌಸರಿನ ಪ್ರಿಂಟ್ ಕಿಟಕಿಯಲ್ಲಿ ಅಂಚನ್ನು ತೆಗೆದು, ಸ್ಕೇಲ್ 100 ಇದೆಯೇ ಎಂದು ನೋಡಿಕೊಳ್ಳಿ. ಪುಟಕ್ಕೆ ಹೊಂದಿಸುವ ಆಯ್ಕೆ ಚಾಲೂ ಇದ್ದರೆ ಇಷ್ಟೆಲ್ಲ ಲೆಕ್ಕ ನೀರುಪಾಲಾಗುತ್ತದೆ.

ಉತ್ತರ 2: ಅಂಕೆ_ಸಂಖ್ಯೆ

ಎರಡನೆಯ ತೊಂದರೆಯ ಬಗ್ಗೆ ನನಗೊಂದು ಬಲವಾದ ಅನುಮಾನವಿದೆ. ದೋಷ ಬರುತ್ತಿರುವ ಸಂಖ್ಯೆಗಳನ್ನು ಡೇಟಾಬೇಸಿನಲ್ಲಿ ತೆರೆದು ನೋಡಿ. ಅವು 00004521 ಎಂದಿರದೆ ೦೦೦೦೪೫೨೧ ಎಂದಿರಬಹುದು. ಕನ್ನಡ ಕೀಲಿಮಣೆ ಚಾಲೂ ಇಟ್ಟುಕೊಂಡು ಪುಸ್ತಕದ ಹೆಸರು ಬರೆದವರು ಅದೇ ಕೈಯಲ್ಲಿ ಸಂಖ್ಯೆಯನ್ನೂ ಕನ್ನಡ ಅಂಕೆಗಳಲ್ಲೇ ಬರೆಯುವುದು ಸಹಜ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಪೈಥಾನ್‌ನ ಇಸ್‌ಡಿಜಿಟ್ ಯೂನಿಕೋಡಿನ ಎಲ್ಲ ಲಿಪಿಗಳ ಅಂಕೆಗಳನ್ನೂ ಅಂಕೆಗಳೆಂದೇ ಒಪ್ಪುತ್ತದೆ. ನಮ್ಮ ಅಂಕೆಗಳಿಗೆ ಸಿಕ್ಕಿರುವ ಈ ಮರ್ಯಾದೆ ಸಂತೋಷದ ವಿಷಯವೇ. ಆದರೆ ಕೋಡ್ 128ರಲ್ಲಿ ಕನ್ನಡದ ಅಂಕೆಗಳಿಗೆ ಜಾಗವಿಲ್ಲದ ಕಾರಣ, ಬಾರ್‌ಕೋಡ್ ತಯಾರಿಸುವ ಪೈಥಾನ್ ಲೈಬ್ರರಿ ಅವುಗಳನ್ನು ತಿರಸ್ಕರಿಸುತ್ತದೆ. ಪರಿಹಾರ ಸುಲಭ: ಪಠ್ಯವನ್ನು ಸಂಖ್ಯೆಯಾಗಿಸುವ ಪೈಥಾನ್‌ನ ಇಂಟ್ ಕನ್ನಡ ಅಂಕೆಗಳನ್ನೂ ಓದಬಲ್ಲದು, ಆದ್ದರಿಂದ ಸಂಖ್ಯೆಯನ್ನು ಇಂಟ್ ಮೂಲಕ ಹಾಯಿಸಿ ಮತ್ತೆ ಪಠ್ಯವಾಗಿಸಿ. ಹೀಗೆ ಮಾಡುವಾಗ ಮುಂದಿನ ಸೊನ್ನೆಗಳು ಉದುರಿಹೋಗುತ್ತವೆ. ಜೆಡ್‌ಫಿಲ್ ಬಳಸಿ, ಮುಂದೆ ಸೊನ್ನೆ ಸೇರಿಸಿ ಎಂಟು ಅಂಕೆಗಳಿಗೆ ತುಂಬಿಸುವುದನ್ನು ಮರೆಯಬೇಡಿ. ಸಿಬ್ಬಂದಿಯವರಿಗೆ ಕನ್ನಡ ಅಂಕೆ ಬಳಸಬೇಡಿ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅವರು ಹೇಗೆ ಬರೆದರೂ ಸ್ವೀಕರಿಸಿ ಒಳಗೆ ಸರಿಪಡಿಸಿಕೊಳ್ಳುವುದು ನಮ್ಮ ಪ್ರೋಗ್ರಾಮಿನ ಕೆಲಸ. ಬಾರ್‌ಕೋಡಿನ ಕೆಳಗಿನ ಬರಹದಲ್ಲಂತೂ ಕನ್ನಡ ಅಂಕೆಗಳನ್ನೇ ಮುದ್ರಿಸಬಹುದು, ಸ್ಕ್ಯಾನರ್ ಅದನ್ನು ಓದುವುದೇ ಇಲ್ಲ.

ಉತ್ತರ 3: ಹಳೆಯ_ಬೈಂಡು

ಚಿತ್ರ ಸರಿಹೋದ ಮೇಲೆ ಲೇಬಲ್ಲಿನ ಬಗ್ಗೆಯೂ ಯೋಚಿಸಿ. ಶಾಯಿಯ ರಿಬ್ಬನ್ ಇಲ್ಲದೆ ನೇರವಾಗಿ ಕಾಗದವನ್ನು ಸುಟ್ಟು ಮುದ್ರಿಸುವ ಲೇಬಲ್ಲು ಬಿಸಿಲು ಮತ್ತು ಶಾಖಕ್ಕೆ ಕ್ರಮೇಣ ಮಾಸುತ್ತದೆ. ಕೊರಿಯರ್ ಪೊಟ್ಟಣಕ್ಕೆ ಅದು ಸಾಕು, ವರ್ಷಗಟ್ಟಲೆ ಕಪಾಟಿನಲ್ಲಿ ಇರಬೇಕಾದ ಪುಸ್ತಕಕ್ಕೆ ಸಾಲದು. ರಿಬ್ಬನ್ ಹಾಕುವ ಪ್ರಿಂಟರ್ ಸಿಕ್ಕರೆ ಅದನ್ನೇ ಬಳಸಿ.

ಪುಸ್ತಕದ ಹಿಂಬದಿಯಲ್ಲಿರುವ ಐಎಸ್‌ಬಿಎನ್ ಬಾರ್‌ಕೋಡನ್ನೇ ಬಳಸಬಾರದೇ ಎಂದು ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಒಂದೇ ಕೃತಿಯ ಒಂದೇ ಆವೃತ್ತಿಯ ಐದು ಪ್ರತಿಗಳಿದ್ದರೆ ಐದಕ್ಕೂ ಅದು ಒಂದೇ ಆಗಿರುವುದರಿಂದ, ಯಾವ ಪ್ರತಿ ಯಾರ ಬಳಿ ಇದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅನೇಕಕ್ಕೆ ಬಾರ್‌ಕೋಡೇ ಇಲ್ಲ.

ಪುಸ್ತಕದ_ಕಪಾಟು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅನುಮಾನ ನಿಜವಾಗಿತ್ತು, ದೋಷ ಬಂದ ದಾಖಲೆಗಳಲ್ಲೆಲ್ಲ ಕನ್ನಡ ಅಂಕೆಗಳೇ ಇದ್ದವು, ಈಗ ಸರಿಪಡಿಸಿದ್ದೇನೆ. ಮಾಡ್ಯೂಲಿಗೆ ಮೂರು ಚುಕ್ಕಿಯ ಲೆಕ್ಕದಲ್ಲಿ ಒಂದು ಹಾಳೆಯಷ್ಟು ಲೇಬಲ್ಲುಗಳನ್ನು ಮುದ್ರಿಸಿ ನೋಡಿದೆ, ಪ್ರತಿಯೊಂದನ್ನೂ ಸ್ಕ್ಯಾನರ್ ಮೊದಲ ಸಲಕ್ಕೇ ಓದಿತು. ಈಗಾಗಲೇ ಅಂಟಿಸಿರುವ ಹಳೆಯ ಲೇಬಲ್ಲುಗಳನ್ನು ಓದಿದಾಗ ಬರುವ ಮೂರು ಅಕ್ಷರಗಳನ್ನು ಅಪ್ಲಿಕೇಶನ್ ತಾನೇ ತೆಗೆದುಹಾಕುವಂತೆ ಮಾಡಿದ್ದೇನೆ. ಆ ಪುಸ್ತಕಗಳು ಎರವಲು ಹೋಗಿ ಕೌಂಟರಿಗೆ ಮರಳಿದಾಗ ಒಂದೊಂದಕ್ಕೇ ಹೊಸ ಲೇಬಲ್ ಅಂಟಿಸುತ್ತೇವೆ.