ಎರಡನೇ ಕ್ಲಾಸಿನ ಮಗನಿಗೆ ಓದು ಹತ್ತುತ್ತಿಲ್ಲ, ಶಾಲೆಯವರು "ಕಾದು ನೋಡೋಣ" ಅಂತಾರೆ: ಐಇಪಿ (ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಶಾಲೆ ಬರೆದುಕೊಡೋ ಕಲಿಕೆಯ ಯೋಜನೆ) ಕೇಳೋದು ಹೇಗೆ? (ಕ್ಯಾಲಿಫೋರ್ನಿಯಾ)

ತುಂಗಾತೀರ:
ಮಗ ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ ಎರಡನೇ ಕ್ಲಾಸು. ಲೆಕ್ಕದಲ್ಲಿ ಚುರುಕು, ಕಥೆ ಓದಿ ಹೇಳಿದರೆ ಎಲ್ಲ ಪ್ರಶ್ನೆಗೂ ಉತ್ತರ ಕೊಡ್ತಾನೆ. ತಾನೇ ಓದುವಾಗ ಮಾತ್ರ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸ್ತಾನೆ. "ಹೌಸ್" ಇದ್ದರೆ "ಹಾರ್ಸ್" ಅಂತಾನೆ. ಸೇರಿಸುವಾಗ ಮನೆಭಾಷೆ ಕನ್ನಡ ಅಂತ ಬರೆದಿದ್ದೆವು, ಹಾಗಾಗಿ ಇಂಗ್ಲಿಷ್ ಲರ್ನರ್ ಪಟ್ಟಿಯಲ್ಲಿದ್ದಾನೆ. ಎರಡು ಭಾಷೆಯ ಮಕ್ಕಳು ಹೀಗೇ, ಸಣ್ಣ ಗುಂಪಿನಲ್ಲಿ ಓದಿಸ್ತಿದ್ದೇವೆ, ಮುಂದಿನ ವರ್ಷ ನೋಡೋಣ ಅನ್ನೋದು ಟೀಚರ್ ಮಾತು. ಐಇಪಿ ಬಗ್ಗೆ ಬಾಯಿಮಾತಲ್ಲಿ ಕೇಳಿದ್ದಕ್ಕೆ "ಪಾಸಾಗ್ತಿದ್ದಾನಲ್ಲ" ಅಂದರು. ನಾವು ಎಚ್-1ಬಿ ವೀಸಾದಲ್ಲಿರೋರು. ಒತ್ತಾಯ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ರಿಸೋರ್ಸ್_ರೂಮ್:
ವೀಸಾಗೂ ಇದಕ್ಕೂ ಸಂಬಂಧ ಇಲ್ಲ. ಪಬ್ಲಿಕ್ ಸ್ಕೂಲಿನ ಬಾಗಿಲು ಇಮಿಗ್ರೇಶನ್ ಸ್ಥಿತಿ ನೋಡಿ ಮುಚ್ಚುವಂತಿಲ್ಲ ಅಂತ 1982ರಲ್ಲೇ ಪ್ಲೈಲರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳಗೆ ಬಂದ ಮಗುವಿಗೆ ಐಡಿಇಎ (ಡಿಸೆಬಿಲಿಟಿ ಇರುವ ಮಕ್ಕಳ ಶಿಕ್ಷಣದ ಫೆಡರಲ್ ಕಾನೂನು) ಪೂರ್ತಿ ಅನ್ವಯಿಸುತ್ತೆ.

ಬಾಯಲ್ಲಿ ಕೇಳಿದ್ದನ್ನೇ ನಂಬಿ ಕೂರಬೇಡಿ. ಬರವಣಿಗೆಯಲ್ಲಿ ಕೊಟ್ಟ ದಿನದಿಂದಲೇ ಗಡುವು ಶುರು. ಇವತ್ತೇ ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಶನ್ ಡೈರೆಕ್ಟರಿಗೂ ಒಂದೇ ಇಮೇಲ್ ಹಾಕಿ. "ಐಇಪಿ ಕೊಡಿ" ಅಂತ ಬರೀಬೇಡಿ, ಅದು ಕೊನೆಯ ಹಂತ. "ಸ್ಪೆಷಲ್ ಎಜುಕೇಶನ್ ಅರ್ಹತೆಗಾಗಿ ಮಗನ ಪೂರ್ಣ ಅಸೆಸ್‌ಮೆಂಟ್ ಮಾಡಿ, ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟಿ, ಡಿಸ್ಲೆಕ್ಸಿಯಾ ಸೇರಿಸಿ" ಅಂತ ಬರೀರಿ. ಕೆಳಗೆ ನೀವು ಮನೇಲಿ ಕಂಡದ್ದು ನಾಲ್ಕೈದು ಸಾಲು. ಹೌಸ್–ಹಾರ್ಸ್ ಉದಾಹರಣೆ ಚೆನ್ನಾಗಿದೆ, ಅದನ್ನೇ ಹಾಕಿ. "ಓದಲು ಕಷ್ಟಪಡ್ತಾನೆ" ಅನ್ನೋದಕ್ಕೆ ಅಷ್ಟು ಬೆಲೆ ಸಿಗಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಪತ್ರ ತಲುಪಿದ 15 ದಿನದೊಳಗೆ ಅಸೆಸ್‌ಮೆಂಟ್ ಪ್ಲಾನ್ ನಿಮ್ಮ ಕೈಗೆ ಬರಬೇಕು. ಸಹಿ ಹಾಕಿ ಕೊಟ್ಟ ಮೇಲೆ 60 ದಿನದೊಳಗೆ ಪರೀಕ್ಷೆಯೂ ಮೀಟಿಂಗೂ ಆಗಬೇಕು. ಇವೆಲ್ಲ ಕ್ಯಾಲೆಂಡರ್ ದಿನಗಳೇ, ಆದರೆ ಐದು ಶಾಲಾ ದಿನಕ್ಕಿಂತ ಉದ್ದದ ರಜೆ ಲೆಕ್ಕಕ್ಕಿಲ್ಲ. ಬೇಸಿಗೆ ರಜೆ ಹತ್ತಿರ ಬಂದಾಗ ಪತ್ರ ಕೊಟ್ಟವರ ಕೆಲಸ ಶರತ್ಕಾಲಕ್ಕೆ ಜಾರೋದು ಇದಕ್ಕೇ.

ಗುಂಪಿನಲ್ಲಿ ಓದಿಸ್ತಿದ್ದೇವೆ, ಅದು ಮುಗಿಯಲಿ ಅಂದರೆ: ಆರ್‌ಟಿಐ (ಹಿಂದೆ ಬಿದ್ದ ಮಕ್ಕಳಿಗೆ ಹೆಚ್ಚುವರಿ ಪಾಠ ಕೊಟ್ಟು ಪ್ರಗತಿ ನೋಡೋ ಪದ್ಧತಿ) ನಡೀತಿದೆ ಅನ್ನೋ ಕಾರಣಕ್ಕೆ ಅಸೆಸ್‌ಮೆಂಟ್ ತಡ ಮಾಡುವಂತಿಲ್ಲ ಅಂತ ಫೆಡರಲ್ ಶಿಕ್ಷಣ ಇಲಾಖೆ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿದೆ. ಪಾಸಾಗ್ತಿದ್ದಾನೆ ಅನ್ನೋದೂ ಕಾರಣ ಅಲ್ಲ. ಕ್ಲಾಸಿಂದ ಕ್ಲಾಸಿಗೆ ಹೋಗ್ತಿರೋ ಮಗುವಿಗೂ ಹಕ್ಕಿದೆ ಅಂತ ನಿಯಮದಲ್ಲೇ ಇದೆ. ಆಗಲ್ಲ ಅಂದರೆ ಜಗಳ ಬೇಡ, "ಪ್ರಯರ್ ರಿಟನ್ ನೋಟಿಸ್ ಕೊಡಿ" ಅನ್ನಿ. ಯಾಕೆ ನಿರಾಕರಿಸಿದ್ದೇವೆ, ಯಾವ ದಾಖಲೆ ನೋಡಿ ತೀರ್ಮಾನಿಸಿದ್ದೇವೆ ಅಂತ ಅವರೇ ಬರೆದುಕೊಡಬೇಕಾಗುತ್ತೆ. ಬರೆಯೋಕೆ ಕೂತಾಗ ಎಷ್ಟೋ ಸಲ ಮನಸ್ಸು ಬದಲಾಗುತ್ತೆ!

ನುಡಿಗಿಡ_ಎಸ್‌ಎಲ್‌ಪಿ:
ಭಾಷೆಯ ವಿಷಯಕ್ಕೆ ಬರ್ತೀನಿ, ನಮ್ಮವರ ಕೇಸು ಸಾಮಾನ್ಯವಾಗಿ ಸಿಕ್ಕಿಕೊಳ್ಳೋದು ಅಲ್ಲೇ. ಇಂಗ್ಲಿಷ್ ಬರದಿರೋದೇ ಮುಖ್ಯ ಕಾರಣವಾದರೆ ಅದನ್ನು ಡಿಸೆಬಿಲಿಟಿ ಅನ್ನುವಂತಿಲ್ಲ, ಸರಿ. ಆದರೆ ಅದನ್ನು ಪರೀಕ್ಷೆ ಮಾಡಿ ಹೇಳಬೇಕು, ಊಹಿಸಿ ಅಲ್ಲ. ತೊಂದರೆ ಕನ್ನಡದಲ್ಲೂ ಇದೆಯಾ ಅನ್ನೋದೇ ಇಲ್ಲಿ ಮುಖ್ಯ ಪ್ರಶ್ನೆ. ಇವನ್ನು ಗಮನಿಸಿ ಬರೆದುಕೊಡಿ: ಮಾತು ಬಂದದ್ದು ಯಾವಾಗ, ದಿನಾ ನೋಡೋ ವಸ್ತುವಿನ ಹೆಸರು ಬಾಯಿಗೆ ಬರೋದು ತಡವಾ, "ಮರ"ದಲ್ಲಿ "ಮ" ತೆಗೆದು "ಕ" ಹಾಕು ಅಂದರೆ "ಕರ" ಅಂತಾನಾ, ಕುಟುಂಬದಲ್ಲಿ ಯಾರಿಗಾದರೂ ಓದಿನ ತೊಂದರೆ ಇತ್ತಾ. ಕನ್ನಡ ಅಕ್ಷರ ಕಲಿಸಿದ್ದರೆ ಒತ್ತಕ್ಷರ ಬಂದಾಗ ಏನಾಗುತ್ತೆ ನೋಡಿ. ಬರೆದಂತೆ ಓದುವ ಲಿಪಿ ಆದ್ದರಿಂದ ತಪ್ಪು ಕಮ್ಮಿ ಇರಬಹುದು. ನಿಧಾನವಾಗಿ, ಬಿಡಿಸಿ ಬಿಡಿಸಿ ಓದ್ತಿದ್ದರೆ ಅದೂ ಸುಳಿವೇ.

ಅಸೆಸ್‌ಮೆಂಟ್ ಪ್ಲಾನ್ ಬಂದಾಗ ಫೊನೊಲಾಜಿಕಲ್ ಪ್ರೊಸೆಸಿಂಗ್ (ಪದದೊಳಗಿನ ಧ್ವನಿಗಳನ್ನು ಗುರುತಿಸಿ ಬಳಸೋ ಸಾಮರ್ಥ್ಯ) ಇದೆಯಾ ನೋಡಿ. ಅದನ್ನು ಅಳೆಯೋ ಸಿಟಿಒಪಿಪಿ-2 ಥರದ ಪರೀಕ್ಷೆ ಇರಲಿ, ಅರ್ಥವಿಲ್ಲದ ಪದಗಳನ್ನು ಓದಿಸೋ ಪರೀಕ್ಷೆಯೂ ಇರಲಿ, ಅಲ್ಲಿ ಊಹೆ ನಡೆಯಲ್ಲ. ಬರೀ ಐಕ್ಯೂ ಮತ್ತು ಓದಿ ಅರ್ಥಮಾಡಿಕೊಳ್ಳೋ ಪರೀಕ್ಷೆ ಇಟ್ಟರೆ ನಿಮ್ಮ ಮಗನಂಥ ಚುರುಕು ಹುಡುಗರು ಸರಾಸರಿ ಅಂಕ ತಗೊಂಡು ತಪ್ಪಿಸಿಕೊಳ್ತಾರೆ. ಮೀಟಿಂಗಿಗೆ ಕನ್ನಡ ದುಭಾಷಿ ಬೇಕಿದ್ದರೆ (ಅಜ್ಜಿ ತಾತ ಬರೋದಿದ್ದರೆ ಕೂಡ) ಮುಂಚೆಯೇ ಕೇಳಿ.

ತುಂಗಾತೀರ:
ತುಂಬಾ ಉಪಕಾರ ಆಯ್ತು. ಇಮೇಲ್ ಹಾಕಿದೆ. ಒಂದು ಅನುಮಾನ: ಬೇಕಿದ್ದರೆ 504 ಪ್ಲಾನ್ ಕೊಡ್ತೀವಿ ಅಂದಿದ್ದಾರೆ. ಒಪ್ಪಲಾ?

ರಿಸೋರ್ಸ್_ರೂಮ್:
ಅಸೆಸ್‌ಮೆಂಟ್ ಬದಲಿಗೆ ಅಂದರೆ ಒಪ್ಪಬೇಡಿ. 504ರಲ್ಲಿ ಸಾಮಾನ್ಯವಾಗಿ ಸಿಗೋದು ಹೆಚ್ಚು ಸಮಯ, ಆಡಿಯೊ ಪುಸ್ತಕ, ಮುಂದಿನ ಸಾಲಿನ ಸೀಟು. ನಿಮ್ಮ ಹುಡುಗನಿಗೆ ಓದು ಕಲಿಸಬೇಕು. ಹೆಚ್ಚು ಸಮಯ ಕೊಟ್ಟರೆ ಊಹಿಸೋಕೆ ಹೆಚ್ಚು ಸಮಯ ಸಿಗುತ್ತೆ, ಅಷ್ಟೇ.

ಐಇಪಿ_ಕಡತ:
ಮೀಟಿಂಗಿನ ಬಗ್ಗೆ ಯಾರೂ ಹೇಳಲಿಲ್ಲ. ರಿಪೋರ್ಟುಗಳನ್ನು ಮೊದಲೇ ಕಳಿಸಿ ಅಂತ ಬರೀರಿ. ಕ್ಯಾಲಿಫೋರ್ನಿಯಾದಲ್ಲಿ ಶಾಲಾ ದಾಖಲೆ ಕೇಳಿದ ಐದು ವರ್ಕಿಂಗ್ ದಿನದೊಳಗೆ ಕೊಡಬೇಕು. ಆಡಿಯೊ ರೆಕಾರ್ಡ್ ಮಾಡೋದಾದರೆ 24 ಗಂಟೆ ಮುಂಚೆ ತಿಳಿಸಿ.

ಗುರಿಗಳನ್ನು ಓದುವಾಗ ಕಟ್ಟುನಿಟ್ಟಾಗಿರಿ. "ಓದಿನಲ್ಲಿ 80% ಸುಧಾರಣೆ" ಅಂದರೆ ಯಾವುದರ 80%? ಹೀಗಿರಬೇಕು: "ಈಗ ಎರಡನೇ ಕ್ಲಾಸಿನ ಹೊಸ ಪಾಠವನ್ನು ನಿಮಿಷಕ್ಕೆ 28 ಪದ ಸರಿಯಾಗಿ ಓದುತ್ತಾನೆ, ಒಂದು ವರ್ಷದಲ್ಲಿ 75 ಪದ, 95% ನಿಖರತೆ, ಸತತ ಮೂರು ಪರೀಕ್ಷೆಗಳಲ್ಲಿ." (28, 75 ಉದಾಹರಣೆಗಷ್ಟೇ.) ಇಂದಿನ ಅಳತೆ ಬರೆಯದ ಗುರಿಗೆ ಒಪ್ಪಲೇಬೇಡಿ.

ಸೇವೆ ಕಾಲಂನಲ್ಲಿ "ಅಗತ್ಯಕ್ಕೆ ತಕ್ಕಂತೆ" ಅಂತಿದ್ದರೆ ಹೊಡೆಸಿಹಾಕಿ ನಿಮಿಷ ಬರೆಸಿ: ವಾರಕ್ಕೆ 4 ಸಲ, 30 ನಿಮಿಷ, 3 ಮಕ್ಕಳಿಗಿಂತ ದೊಡ್ಡದಲ್ಲದ ಗುಂಪು, ಯಾರು ಕಲಿಸ್ತಾರೆ, ಎಲ್ಲಿ. ಇಂಥ ಕಂಪನಿಯ ಪಠ್ಯಕ್ರಮವೇ ಬೇಕು ಅಂತ ಹಟ ಹಿಡಿದರೆ ಸಾಮಾನ್ಯವಾಗಿ ಒಪ್ಪಲ್ಲ. ಅಕ್ಷರ–ಧ್ವನಿ ಸಂಬಂಧವನ್ನು ನೇರವಾಗಿ, ಕ್ರಮವಾಗಿ ಕಲಿಸುವ ವಿಧಾನ ಅಂತ ವಿವರಣೆ ಬರೆಸೋದು ಸುಲಭ.

ಹಾಜರಿ ಸಹಿ ಬೇರೆ, ಒಪ್ಪಿಗೆ ಸಹಿ ಬೇರೆ. ಮೊದಲನೆಯದು ಹಾಕಿ, ಎರಡನೆಯದನ್ನು ಮನೆಗೆ ತಂದು ಓದಿ. ಒಪ್ಪಿದ ಭಾಗಕ್ಕಷ್ಟೇ ಸಹಿ ಹಾಕಬಹುದು, ಅಷ್ಟನ್ನು ಶಾಲೆ ತಡವಿಲ್ಲದೆ ಶುರು ಮಾಡಬೇಕು. ಅಸೆಸ್‌ಮೆಂಟೇ ಸರಿಯಿಲ್ಲ ಅನ್ನಿಸಿದರೆ ಶಾಲೆಯ ಖರ್ಚಿನಲ್ಲಿ ಹೊರಗಿನವರಿಂದ ಮಾಡಿಸಿ (ಐಇಇ) ಅಂತ ಬರೀರಿ. ಆಗ ಅವರು ದುಡ್ಡು ಕೊಡಬೇಕು, ಇಲ್ಲವೇ ನಮ್ಮದೇ ಸರಿ ಅಂತ ಸಾಬೀತು ಮಾಡೋಕೆ ತಾವೇ ಡ್ಯೂ ಪ್ರಾಸೆಸ್ ವಿಚಾರಣೆಗೆ (ಪೋಷಕರು–ಶಾಲೆ ನಡುವಿನ ತಕರಾರನ್ನು ತೀರ್ಮಾನಿಸೋ ಅಧಿಕೃತ ವಿಚಾರಣೆ) ಹೋಗಬೇಕು. ವಕೀಲರಿಗೆ ದುಡ್ಡು ಸುರಿಯೋ ಮೊದಲು ನಿಮ್ಮ ಭಾಗದ ಪೇರೆಂಟ್ ಟ್ರೈನಿಂಗ್ ಆಂಡ್ ಇನ್ಫರ್ಮೇಶನ್ ಸೆಂಟರಿಗೆ ಫೋನ್ ಮಾಡಿ, ಅಲ್ಲಿ ಸಲಹೆ ಉಚಿತ.