ಅಪ್‌ಡೇಟ್: ನನ್ನ ಸೈ-ಫೈ ಆರ್‌ಪಿಜಿ ಪಿಡಿಎಫ್ ಆಗಿ ಹೊರಬಂತು

ಹಿಂದೆ ಕೇಳಿದ್ದು ಇಷ್ಟು: ಹಾಳುಬಿದ್ದ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಯುವ ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯ ಆಟ) ಬರೆಯುತ್ತಿದ್ದೇನೆ. ಇಪ್ಪತ್ತು ಮುಖದ ಒಂದು ದಾಳ ಇಡಲಾ, ಆರು ಮುಖದ ಎರಡು ಇಡಲಾ? ಮೊದಲು ಅಚ್ಚು ಹಾಕಿಸಲಾ, ಪಿಡಿಎಫ್ ಸಾಕಾ?

ಎರಡು ದಾಳವೇ ಗೆದ್ದಿತು. ಇಪ್ಪತ್ತರ ದಾಳದಲ್ಲಿ 1 ಬೀಳೋದೂ 11 ಬೀಳೋದೂ ಒಂದೇ, ತಲಾ 5%. ಎರಡು ದಾಳ ಕೂಡಿಸಿದರೆ 7 ಬೀಳೋಕೆ 36ರಲ್ಲಿ 6 ದಾರಿ, 12ಕ್ಕೆ ಒಂದೇ. 8 ಅಥವಾ ಜಾಸ್ತಿ ಬಂದರೆ ಗೆಲುವು ಅಂತಿಟ್ಟೆ, ಅಂದರೆ ಸುಮಾರು 42%. ದಾಳದ ಮೊತ್ತಕ್ಕೆ ಬರೀ +1 ಸಿಕ್ಕರೆ ಅದು 58%ಗೆ ಜಿಗಿಯುತ್ತದೆ. ಹಾಗಾಗಿ ಒಳ್ಳೆ ಸ್ಪೇಸ್‌ಸೂಟ್ ಕಂಡರೆ ಆಟಗಾರರು ಕಿತ್ತಾಡುತ್ತಾರೆ. ನೋಡೋಕೆ ಮಜಾ!

ನಿಮ್ಮಲ್ಲೊಬ್ಬರು ಹೇಳಿದ ಹಾಗೆ, ಬೇರೆಯವರು ಪುಸ್ತಕ ಓದಿಯೇ ಆಟ ನಡೆಸಿದರು, ನಾನು ಬಾಯಿ ಬಿಡದೆ ಕೂತೆ. ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಆದರೆ ಆಕ್ಸಿಜನ್ ನಿಯಮ ಬಂದಾಗಲೆಲ್ಲ ಎಲ್ಲರೂ ಪುಟ ತಿರುವುತ್ತಿದ್ದರು. ನಿಮಿಷದ ಲೆಕ್ಕ ಕಿತ್ತುಹಾಕಿದೆ. ಈಗ ಕೋಣೆ ದಾಟಿದಾಗ ಆಕ್ಸಿಜನ್ ದಾಳ ಉರುಳಿಸಬೇಕು. 1 ಅಥವಾ 2 ಬಿದ್ದರೆ ಎಂಟು ಮುಖದ್ದು ಆರರದ್ದಾಗುತ್ತದೆ, ಆಮೇಲೆ ನಾಲ್ಕರದ್ದು, ಆಮೇಲೆ ಉಸಿರೇ ಇಲ್ಲ.

ಪಿಡಿಎಫ್ ಮೊದಲು ಬಿಟ್ಟಿದ್ದು ಒಳ್ಳೆಯದೇ ಆಯ್ತು, ತಿದ್ದೋದು ಸುಲಭ. ಅಚ್ಚಿಗೆ ಬ್ಲೀಡ್ ಅಂತ, ಅಂದರೆ ಅಂಚು ಕತ್ತರಿಸುವಾಗ ಹೋಗೋಕೆ, ಪುಟದ ಚಿತ್ರವನ್ನು ಸುತ್ತ 3 ಮಿ.ಮೀ. ಹೆಚ್ಚಿಗೆ ಚಾಚಬೇಕು. ನಡುವೆ ಪಿನ್ ಹೊಡೆಯೋ ಪುಸ್ತಕವಾದ್ದರಿಂದ ಪುಟಗಳನ್ನು 4ರಿಂದ ಭಾಗಿಸಲು ಬರಬೇಕು. ಸದ್ಯ 35 ಇದೆ, 32ಕ್ಕೆ ಇಳಿಸಬೇಕು. ಏಲಿಯನ್‌ಗಳ ಪಟ್ಟಿಗೆ ಕತ್ತರಿ ಹಾಕೋಣ ಅಂದ್ರೆ ಮನಸ್ಸೇ ಬರ್ತಿಲ್ಲ.