‘ವರ್ಮಿಸೆಲ್ಲಿ’ ಎಂಬ ಹೆಸರಿನೊಳಗೆ ಹುಳು ಇದೆಯೇ?

ಪ್ರಶ್ನೆ (ರಾಣೇಬೆನ್ನೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ರೈತರಿಗೆಲ್ಲ ವರ್ಮಿಕಾಂಪೋಸ್ಟ್ ಎಂದರೆ ಎರೆಹುಳು ಗೊಬ್ಬರ ಎಂಬುದು ಚೆನ್ನಾಗಿ ಗೊತ್ತು. ಕಿರಾಣಿ ಅಂಗಡಿಯಿಂದ ತಂದ ಶಾವಿಗೆ ಪಾಕೀಟಿನ ಮೇಲೆ ‘ವರ್ಮಿಸೆಲ್ಲಿ’ ಎಂದು ಓದಿದ ನನ್ನ ಮಗಳು, ಎರಡರಲ್ಲಿಯೂ ಇರುವ ‘ವರ್ಮಿ’ ಒಂದೇ ಏನು ಎಂದು ಕೇಳುತ್ತಿದ್ದಾಳೆ. ಒಂದೇ ಆಗಿದ್ದರೆ ತಿನ್ನುವ ಪದಾರ್ಥಕ್ಕೆ ಇಂಥ ಹೆಸರನ್ನು ಏಕೆ ಇಟ್ಟರು? ಸಂಸ್ಕೃತದ ‘ಕೃಮಿ’ಗೂ ನಮ್ಮ ‘ಶಾವಿಗೆ’ಗೂ ಇದರೊಡನೆ ನಂಟಿದೆಯೇ? ಬಲ್ಲವರು ತಿಳಿಸಬೇಕು.

ಉತ್ತರ (ಧಾರವಾಡ):
ತಮ್ಮ ಮಗಳ ಊಹೆ ಸರಿಯಾಗಿದೆ. ಲ್ಯಾಟಿನ್ ಭಾಷೆಯ ‘ವೆರ್ಮಿಸ್’ ಎಂದರೆ ಹುಳು. ಅದು ಇಟಾಲಿಯನ್ನಿನಲ್ಲಿ ‘ವೆರ್ಮೆ’ ಆಗಿ, ಕಿರಿದನ್ನು ಸೂಚಿಸುವ ಪ್ರತ್ಯಯ ಸೇರಿ ‘ವೆರ್ಮಿಚೆಲ್ಲೊ’ ಎಂದಾಯಿತು. ಅದರ ಬಹುವಚನವೇ ‘ವೆರ್ಮಿಚೆಲ್ಲಿ’, ಅಂದರೆ ಪುಟ್ಟ ಹುಳುಗಳು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಶಬ್ದವನ್ನು ನಾವು ಆ ಭಾಷೆಯ ಮೂಲಕ ಪಡೆದುದರಿಂದ ‘ಚೆ’ ಇದ್ದಲ್ಲಿ ‘ಸೆ’ ಎನ್ನುತ್ತೇವೆ. ‘ಕೃಮಿ’ಯ ವಿಷಯದಲ್ಲಿ ಮಾತ್ರ ಅವಸರಪಡಬಾರದು. ಅರ್ಥ ಒಂದೇ ಆಗಿದ್ದು ಧ್ವನಿಯೂ ಹತ್ತಿರವಾಗಿದ್ದರೂ, ಭಾಷಾಶಾಸ್ತ್ರಜ್ಞರು ಇವೆರಡಕ್ಕೂ ಬೇರೆ ಬೇರೆ ಮೂಲರೂಪಗಳನ್ನು ಹೇಳುತ್ತಾರೆ. ಪ್ರಾಸ ಕೂಡುವ ಆ ಎರಡು ರೂಪಗಳಲ್ಲಿ ಒಂದರ ಪ್ರಭಾವ ಇನ್ನೊಂದರ ಮೇಲೆ ಆಗಿರಬಹುದು ಎಂಬ ಅಭಿಪ್ರಾಯವೂ ಇದೆ. ಲ್ಯಾಟಿನ್ನಿನ ‘ವೆರ್ಮಿಸ್’ಗೆ ನಿಜವಾದ ಬಂಧುವೆಂದರೆ ಇಂಗ್ಲಿಷಿನ ‘ವರ್ಮ್’. ‘ಶಾವಿಗೆ’ಯಂತೂ ಮರಾಠಿಯ ‘ಶೇವಯಿ’, ತಮಿಳಿನ ‘ಸೇವೈ’ಗಳ ಬಳಗಕ್ಕೆ ಸೇರಿದ್ದು, ಅದಕ್ಕೂ ಇಟಲಿಗೂ ಸಂಬಂಧವಿಲ್ಲ.

ಉತ್ತರ (ಗದಗ):
‘ಇಂಥ ಹೆಸರು ಏಕೆ’ ಎಂಬ ಪ್ರಶ್ನೆಗೆ ಉತ್ತರ ಉಳಿದಿದೆ. ಇಟಲಿಯವರು ಹಿಟ್ಟಿನ ಪದಾರ್ಥಗಳಿಗೆ ಹೆಸರಿಡುವಾಗ ಆಕಾರವೊಂದನ್ನೇ ನೋಡಿದ್ದಾರೆ; ರುಚಿಗಾಗಲಿ ಗೌರವಕ್ಕಾಗಲಿ ಅಲ್ಲಿ ಜಾಗವಿಲ್ಲ. ಸ್ಪಗೆಟ್ಟಿ ಎಂದರೆ ಸಣ್ಣ ಹುರಿಗಳು, ಲಿಂಗ್ವಿನೆ ಎಂದರೆ ಪುಟ್ಟ ನಾಲಿಗೆಗಳು, ಓರೆಕ್ಕಿಯೆಟ್ಟೆ ಎಂದರೆ ಪುಟ್ಟ ಕಿವಿಗಳು. ನಾಲಿಗೆಯನ್ನೂ ಕಿವಿಯನ್ನೂ ಬಡಿಸಿಕೊಂಡು ಉಣ್ಣುವವರು ಹುಳುವಿನ ಹೆಸರಿಗೆ ಹೇಸಿಕೊಳ್ಳುವರೇ? ನಮ್ಮವರ ಕ್ರಮವೂ ಇದೇ ಆಗಿದೆ. ಹಿಟ್ಟನ್ನು ಬೆರಳಲ್ಲಿ ಹೊಸೆದು ಸೌತೆಬೀಜದಂತೆ ಮಾಡಿ ಬೇಯಿಸಿದರೆ ಅದು ಸೌತೆಬೀಜದ ಹುಗ್ಗಿ. ಅದರೊಳಗೆ ಸೌತೆಕಾಯಿಯನ್ನು ಯಾರೂ ಹುಡುಕುವುದಿಲ್ಲ. ಸಾರಿಗೆ ಹಾಕುವ ಒಂದು ಸಣ್ಣ ಪಾಸ್ತಾಕ್ಕೆ ಇಟಲಿಯಲ್ಲಿ ‘ಸೆಮಿ ದಿ ಮೆಲೋನೆ’, ಅಂದರೆ ಕರಬೂಜದ ಬೀಜಗಳು ಎಂಬ ಹೆಸರಿದೆ. ನಮ್ಮ ಗವಲಿ ಗೋದಿಕಾಳನ್ನು ಹೋಲುವಂತೆ, ‘ಓರ್ಜೊ’ ಎಂಬ ಅವರ ಪಾಸ್ತಾ ಜವೆಯ ಕಾಳನ್ನು ಹೋಲುತ್ತದೆ. ಆ ಶಬ್ದದ ಅರ್ಥವೂ ಜವೆಕಾಳು ಎಂದೇ.

ಉತ್ತರ (ಹುಬ್ಬಳ್ಳಿ):
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ವ್ಯವಹಾರದ ದೃಷ್ಟಿಯಿಂದ ಒಂದು ಎಚ್ಚರಿಕೆ ಹೇಳಬೇಕು. ಹೆಸರು ಒಂದೇ ಇದ್ದರೂ ಆ ಹೆಸರಿನ ಪದಾರ್ಥ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಟಲಿಯಲ್ಲಿ ವೆರ್ಮಿಚೆಲ್ಲಿ ಎಂದರೆ ಸ್ಪಗೆಟ್ಟಿಗಿಂತ ತುಸು ದಪ್ಪನಾದ ಎಳೆ. ಅಮೆರಿಕದಲ್ಲಿ ಅದೇ ಹೆಸರು ಸ್ಪಗೆಟ್ಟಿಗಿಂತ ತೆಳುವಾದುದಕ್ಕೆ ಸಲ್ಲುತ್ತದೆ. ಅಲ್ಲಿನ ಆಹಾರ ನಿಯಮದ ಪ್ರಕಾರ ವರ್ಮಿಸೆಲ್ಲಿಯ ವ್ಯಾಸ 0.06 ಇಂಚನ್ನು ಮೀರುವಂತಿಲ್ಲ, ಸ್ಪಗೆಟ್ಟಿಯದು ಅದಕ್ಕಿಂತ ಹೆಚ್ಚಿದ್ದು 0.11 ಇಂಚಿನೊಳಗಿರಬೇಕು. ನಮ್ಮ ಪಾಕೀಟಿನಲ್ಲಿರುವುದು ಇನ್ನೂ ಸಣ್ಣ ಎಳೆ. ಆದ್ದರಿಂದ ಇಟಲಿಯ ಅಡುಗೆ ವಿಧಾನವನ್ನು ಕನ್ನಡಕ್ಕೆ ತರುವವರು ‘ಶಾವಿಗೆ’ ಎಂದು ಬರೆದು ಕೈತೊಳೆದುಕೊಂಡರೆ, ಓದಿ ಮಾಡಿದವರ ಪಾತ್ರೆಯಲ್ಲಿ ಮುದ್ದೆಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು (ರಾಣೇಬೆನ್ನೂರು):
ಎಲ್ಲರಿಗೂ ಧನ್ಯವಾದಗಳು. ಮಾರ್ಕೊ ಪೋಲೊ ಚೀನಾದಿಂದ ಈ ಪದಾರ್ಥವನ್ನು ಒಯ್ದನೆಂದು ಕೇಳಿದ್ದೇನೆ. ಹಾಗಿದ್ದರೆ ಹೆಸರೂ ಅಲ್ಲಿಂದ ಬರಬೇಕಿತ್ತಲ್ಲವೇ?

ಉತ್ತರ (ಧಾರವಾಡ):
ಆ ಕಥೆ ನಿಲ್ಲುವುದಿಲ್ಲ. ಮಾರ್ಕೊ ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಜಿನೋವಾದಲ್ಲಿ 1279ರಲ್ಲಿ ಬರೆದ ಆಸ್ತಿಪಟ್ಟಿಯೊಂದರಲ್ಲಿ ಮ್ಯಾಕರೋನಿ ತುಂಬಿದ ಪೀಪಾಯಿಯ ಉಲ್ಲೇಖ ಅದಾಗಲೇ ಇದೆ. ಅದಕ್ಕೂ ಹಿಂದೆ, 1154ರಲ್ಲಿ, ಅಲ್ ಇದ್ರೀಸಿ ಎಂಬ ಭೂಗೋಳಜ್ಞ ಸಿಸಿಲಿಯ ತ್ರಾಬಿಯಾದಲ್ಲಿ ‘ಇತ್ರಿಯ್ಯ’ ತಯಾರಾಗಿ ಹಡಗಿನಲ್ಲಿ ಹೊರ ಪ್ರದೇಶಗಳಿಗೆ ಹೋಗುತ್ತಿದ್ದುದನ್ನು ಬರೆದಿದ್ದಾನೆ. ಒಣಗಿಸಿದ ಎಳೆಗಳಿಗೆ ಅರಬ್ಬಿಯಲ್ಲಿದ್ದ ಹೆಸರು ಅದು. ವೆರ್ಮಿಚೆಲ್ಲಿ ಎಂಬ ಹೆಸರು ಹಬ್ಬಿದ ಮೇಲೂ ಆ ಹಳೆಯ ಶಬ್ದ ಪೂರ್ತಿ ಅಳಿಯಲಿಲ್ಲ. ದಕ್ಷಿಣ ಇಟಲಿಯ ಪುಲಿಯಾದಲ್ಲಿ ಕಡಲೆ ಬೆರೆಸಿ ಮಾಡುವ ‘ಚಿಚೆರಿ ಎ ತ್ರಿಯಾ’ ಎಂಬ ಅಡುಗೆಯಲ್ಲಿ ಅದು ‘ತ್ರಿಯಾ’ ಎಂದು ಉಳಿದುಕೊಂಡಿದೆ. ಅದಕ್ಕೆ ಹಾಕುವ ಪಾಸ್ತಾದಲ್ಲಿ ಒಂದು ಪಾಲನ್ನು ಬೇಯಿಸದೆ ಎಣ್ಣೆಯಲ್ಲಿ ಕರಿದು ಬೆರೆಸುತ್ತಾರೆ.